ಅನುಸೂಯಮ್ಮನ ಊಟದ ಮನೆಯ ಇಂಟರ್‌ವ್ಯೂ

ದೊಡ್ಡನೆಕ್ಕುಂದಿಯ ಹಳೇ ಊರಿನೊಳಗೆ ಅನುಸೂಯಮ್ಮನ ಪಿಜಿ ಎಲ್ಲಿ ಅಂತ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ರಿಂಗ್ ರೋಡಿನ ಗಾಜಿನ ಕಟ್ಟಡಗಳ ಬೆನ್ನಿಗೆ ಅಂಟಿಕೊಂಡಂತಿರುವ ಬೀದಿ, ಅದರಲ್ಲಿ ಮೂರು ಮಹಡಿಯ ಹಸಿರು ಬಣ್ಣದ ಮನೆ. ಕೆಳಗೆ ಅನುಸೂಯಮ್ಮ ಮತ್ತು ಅವರ ಯಜಮಾನರು ನಲ್ಲಪ್ಪ. ಮೇಲೆಲ್ಲ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು. ಹಿಂದುಗಡೆ ತಗಡಿನ ಸೂರಿನ ಉದ್ದನೆಯ ಊಟದ ಮನೆ.

ಅನುಸೂಯಮ್ಮ ಮದುವೆಯಾಗಿ ಬಂದಾಗ ಅದೇ ಜಾಗದಲ್ಲಿ ದಂಟಿನ ಸೊಪ್ಪು ಬೆಳೆಯುತ್ತಿತ್ತು. ನಸುಕಿನಲ್ಲೆದ್ದು ಸೊಪ್ಪಿನ ಕಂತೆ ಕಟ್ಟಿ, ಬುಟ್ಟಿ ಹೊತ್ತು ಮಾರತಹಳ್ಳಿ ಕಡೆ ಮಾರಿ ಬರುತ್ತಿದ್ದರು. ಆಮೇಲೆ ಹೊಲದ ಒಂದು ಪಾಲು ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ನಲ್ಲಪ್ಪನವರಿಗೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಉಳಿದ ಜಾಗದಲ್ಲಿ ಮನೆ ಒಂದೊಂದೇ ಮಹಡಿ ಮೇಲಕ್ಕೆದ್ದಿತು. ಅದನ್ನು ಹೇಳುವಾಗ ಅವರ ದನಿಯಲ್ಲಿ ದುಃಖವೂ ಇರುತ್ತಿರಲಿಲ್ಲ, ಜಂಬವೂ ಇರುತ್ತಿರಲಿಲ್ಲ. "ಆಗ ಸೊಪ್ ಬೆಳೀತಿತ್ತು, ಈಗ ಉಡ್ಗೀರು ಬೆಳೀತವ್ರೆ" ಎಂದು ನಕ್ಕುಬಿಡುತ್ತಿದ್ದರು.

ಅವರಿಗೊಂದು ಚಟವಿತ್ತು. ಹೊಸದಾಗಿ ಬಂದ ಹುಡುಗಿ ಚೀಲ ಇಳಿಸುವ ಮೊದಲೇ "ಏನ್ ಕೆಲ್ಸವ್ವ ನಿಂದು?" ಎಂದು ಕೇಳಬೇಕು. "ಸಾಫ್ಟ್‌ವೇರ್" ಎಂದರೆ ಒಪ್ಪುತ್ತಿರಲಿಲ್ಲ. "ಅದು ಎಲ್ರೂ ಯೋಳ್ತಾರೆ. ಬೆಳಿಗ್ಗೆ ಓಗಿ ಕುಂತ್ಕಂಡು ಕೈಯಲ್ಲಿ ಏನ್ ಮಾಡ್ತೀಯ, ಅದ್ ಯೋಳು." ಹೀಗೆ ಕೇಳಿ ಕೇಳಿ ಅವರಿಗೆ ಟೆಸ್ಟಿಂಗ್ ಅಂದರೇನು, ಪೇರೋಲ್ ಅಂದರೇನು ಎಲ್ಲವೂ ಗೊತ್ತಿತ್ತು. ಯಾವ ಹುಡುಗಿಗೆ ಯಾವ ವಾರ ಕೆಲಸ ಹೆಚ್ಚು, ಯಾರು ಊಟಕ್ಕೆ ತಡವಾಗಿ ಬರುತ್ತಾರೆ ಎಂಬುದೂ ಅದರಿಂದಲೇ ಗೊತ್ತಾಗುತ್ತಿತ್ತು.

ಕಾವ್ಯಾ ಒಬ್ಬಳ ಕೆಲಸ ಮಾತ್ರ ಅವರಿಗೆ ಬಗೆಹರಿದಿರಲಿಲ್ಲ. ಕೊಟ್ಟೂರು ಕಡೆಯ ಹುಡುಗಿ. ತಂದೆ ಕೊಟ್ರಪ್ಪನವರಿಗೆ ಮೋಟಾರು ರಿವೈಂಡಿಂಗ್ ಅಂಗಡಿ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ನೇರ ಇಲ್ಲಿಗೆ ಬಂದವಳು. "ಬ್ಲಾಕ್‌ಚೈನ್ ಕಂಪ್ನಿರೀ ಆಂಟಿ" ಎಂದಿದ್ದಳು. "ಅಂಗಂದ್ರೆ?" ಎಂದರೆ "ನಿಧಾನಕ್ಕೆ ಹೇಳ್ತೀನ್ರಿ" ಎನ್ನುತ್ತ ಓಡುತ್ತಿದ್ದಳು. ಡಿಜಿಟಲ್ ನಾಣ್ಯಗಳ ವಹಿವಾಟು ನಡೆಸುವ ಕಂಪನಿ ಅದು. ಮಾರುಕಟ್ಟೆ ಕುದಿಯುತ್ತಿದ್ದ ಕಾಲಕ್ಕೆ ಬೀದಿಯ ತುದಿಗೇ ಕ್ಯಾಬು ಬರುತ್ತಿತ್ತು. ಕಾವ್ಯಾ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾವಾಗಲೂ ಅರ್ಧ ಓಟದಲ್ಲೇ ಇರುತ್ತಿದ್ದಳು.

ಒಂದು ಸಂಜೆ ಅನುಸೂಯಮ್ಮ ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿದರು.

"ಕೊರಳ್ಗೆ ಆಕ್ಕೊಳೋ ಪಟ್ಟಿ ಎಲ್ಲವ್ವ?"

ಕಾವ್ಯಾಳ ಕೈ ಎದೆಗೆ ಹೋಯಿತು. ಗುರುತಿನ ಚೀಟಿಯ ನೀಲಿ ಪಟ್ಟಿ ಅಲ್ಲಿರಲಿಲ್ಲ. "ಮರ್ತೆ ಆಂಟಿ" ಎಂದಳು.

"ಓದ್ ವಾರಾನೂ ಇರ್ನಿಲ್ಲ. ಕ್ಯಾಬೂ ಬರ್ನಿಲ್ಲ. ಬಾ ಇಲ್ಲಿ."

ಊಟದ ಮನೆಯಲ್ಲಿ ಆಗಿನ್ನೂ ಯಾರೂ ಇರಲಿಲ್ಲ. ಕುಳಿತ ಕೂಡಲೇ ಕಾವ್ಯಾಳ ಕಣ್ಣು ತುಂಬಿತು. ನಾಣ್ಯಗಳ ಬೆಲೆ ನೆಲಕಚ್ಚಿದ ಮೇಲೆ ಕಂಪನಿ ಬೆಂಗಳೂರಿನ ಆಫೀಸನ್ನೇ ಮುಚ್ಚಿತ್ತು. ಅವಳು ದಿನಾ ಬ್ಯಾಗು ಹಾಕಿಕೊಂಡು ಹೊರಟು, ಲೈಬ್ರರಿಯಲ್ಲೋ ಪಾರ್ಕಿನಲ್ಲೋ ಕುಳಿತು ಅರ್ಜಿ ಹಾಕಿ ಬರುತ್ತಿದ್ದಳು. ಊರಿಗೆ ಹೇಳಿರಲಿಲ್ಲ. ಇಂಟರ್‌ವ್ಯೂಗಳಿಗೆ ಕರೆ ಬರುತ್ತಿತ್ತು, ಆಮೇಲೆ ಸುದ್ದಿಯೇ ಇರುತ್ತಿರಲಿಲ್ಲ.

ಅನುಸೂಯಮ್ಮ ಸಮಾಧಾನದ ಮಾತೇನೂ ಆಡಲಿಲ್ಲ. ಬಿಸಿ ಮುದ್ದೆ, ಉಪ್ಪುಸಾರು ತಂದು ಮುಂದಿಟ್ಟರು. "ಮೊದ್ಲು ತಿನ್ನು. ಆಮೇಲೆ ಆ ಕೆಲ್ಸ ಅಂದ್ರೇನು ಅಂತ ನಂಗೆ ಯೋಳು. ನೀನು ಯೋಳ್ತೀನಿ ಯೋಳ್ತೀನಿ ಅಂತ ವರ್ಸ ಆಯ್ತು."

ಕಾವ್ಯಾ ಮೂಗೊರೆಸಿಕೊಂಡು ಶುರು ಮಾಡಿದಳು. "ಅದು ಡಿಸೆಂಟ್ರಲೈಸ್ಡ್ ಲೆಡ್ಜರ್ ರೀ. ಇಮ್ಯೂಟಬಲ್..."

"ಯಾವ್ ಭಾಷೆ ಅದು?"

ಕಾವ್ಯಾಳ ಮಾತು ನಿಂತಿತು. ಮತ್ತೆ ಶುರು ಮಾಡಿದಳು, ಮತ್ತೆ ತಡವರಿಸಿದಳು. ಕೊನೆಗೆ ಕೈಬೆರಳಲ್ಲಿ ಮೇಜಿನ ಮೇಲೆ ಗೀರು ಎಳೆಯುತ್ತ ಹೇಳಿದಳು: "ಒಂದು ಲೆಕ್ಕ ಬರೀತೀವಿ ಅಂತ ಇಟ್ಕೊಳ್ರಿ. ಒಬ್ರ ಕೈಯಾಗ ಇದ್ರ ಅವ್ರು ತಿದ್ದಬಹುದು. ಅದಕ್ಕ ಎಲ್ಲಾರ ಹತ್ರನೂ ಅದೇ ಲೆಕ್ಕ ಇರ್ತೈತ್ರಿ. ಒಬ್ರು ತಿದ್ದಿದ್ರ ಉಳಿದೋರಿಗೆ ಗೊತ್ತಾಗ್ತೈತಿ."

ಅನುಸೂಯಮ್ಮ ಸ್ವಲ್ಪ ಯೋಚಿಸಿದರು. "ಮದ್ವೇಲಿ ಮುಯ್ಯಿ ಬರ್ಸಿದ್ರೆ ಮೈಕ್‌ನಾಗೆ ಕೂಗ್ತಾರಲ್ಲ, ಇಂಥೋರು ಇಷ್ಟ್ ಕೊಟ್ರು ಅಂತ? ಅಂಗಾ? ಎಲ್ರೂ ಕೇಳಿಸ್ಕಂಡಿರ್ತಾರೆ, ನಾಳೆ ಇಲ್ಲ ಅನ್ನಂಗಿಲ್ಲ."

"ಅರ್ಧ ಸರಿ ಆಂಟಿ!" ಕಾವ್ಯಾ ನೆಟ್ಟಗೆ ಕುಳಿತಳು. "ಆದ್ರ ಇಲ್ಲಿ ಮೈಕಿನಾಗ ಕೂಗೋರು ಅಂತ ಒಬ್ರು ಇರಂಗಿಲ್ರಿ. ಮದುವಿಗೆ ಬಂದೋರೆಲ್ಲ ಬರ್ಕೋತಾರ. ಒಬ್ರಿಗೊಬ್ರು ತಾಳೆ ನೋಡ್ಕೋತಾರ."

"ಅಷ್ಟ್ ಜನ ಬರ್ಕಂತಾ ಕುಂತ್ರೆ ಊಟ ಯಾವಾಗ ಮಾಡ್ತಾರೆ?"

ಕಾವ್ಯಾ ಎಷ್ಟೋ ವಾರಗಳ ನಂತರ ನಕ್ಕಳು. ನಗುತ್ತಲೇ, ಅದೇ ಈ ತಂತ್ರಜ್ಞಾನದ ದೊಡ್ಡ ತಕರಾರು, ನಿಧಾನ ಆಗುತ್ತದೆ ಎಂದು ಜನ ದೂರುತ್ತಾರೆ ಎಂದಳು. ಅಷ್ಟರಲ್ಲಿ ಮೇಲಿನ ಮಹಡಿಯ ಲಾವಣ್ಯ ಒಳಬಂದಳು. ಕೋಲಾರದ ಹುಡುಗಿ, ಕಂಪನಿಗಳಿಗೆ ಕೆಲಸಗಾರರನ್ನು ಹುಡುಕಿಕೊಡುವ ಏಜೆನ್ಸಿಯಲ್ಲಿ ಅವಳ ಕೆಲಸ. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಲೇ ಕಾವ್ಯಾ, ಇಂಟರ್‌ವ್ಯೂಲಿ ಹಿಂಗೆ ಮಾತಾಡಿದ್ಯಾ ಯಾವತ್ತಾದ್ರೂ?"

"ಇಲ್ಲ. ಅಲ್ಲಿ ಹಿಂಗ ಮಾತಾಡಿದ್ರ ಏನಂತಾರೋ."

"ಅದೇ ಕಣೇ ನಿನ್ನ ಪ್ರಾಬ್ಲಂ. ಪುಸ್ತಕ ಒಪ್ಪಿಸ್ತೀಯ. ಮುಂಚೆ ರೆಸ್ಯೂಮೆಲಿ ಬ್ಲಾಕ್‌ಚೈನ್ ಅಂತ ಒಂದು ಪದ ಇದ್ರೆ ಎತ್ತಾಕೊಂಡ್ ಹೋಗ್ತಿದ್ರು. ಈಗ ಬೆರಳೆಣಿಕೆ ಪೋಸ್ಟು. 'ಏನ್ ಮಾಡಿದೀಯ ತೋರ್ಸು' ಅಂತಾರೆ. ಕೋಡ್ ನಾಲ್ಕು ಜನಕ್ಕೆ ಕಾಣೋ ಹಂಗೆ ಇಂಟರ್‌ನೆಟ್ಟಲ್ಲಿ ಇರ್ಬೇಕು. ಕೆಲ್ಸ ಗೊತ್ತಿಲ್ದೋರಿಗೆ ಅರ್ಥ ಮಾಡ್ಸೋಕೆ ಬರ್ಬೇಕು. ಆಂಟಿಗೆ ಅರ್ಥ ಆದ್ರೆ ಮ್ಯಾನೇಜರ್‌ಗೂ ಆಗುತ್ತೆ."

ಹೀಗೆ ಶುರುವಾಯಿತು ಊಟದ ಮನೆಯ ಇಂಟರ್‌ವ್ಯೂ. ಸಂಜೆ ಎಲ್ಲರೂ ಕಾಫಿ ಹೀರುವ ಹೊತ್ತಿಗೆ ಅನುಸೂಯಮ್ಮ ನಲ್ಲಪ್ಪನವರ ಕನ್ನಡಕ ಏರಿಸಿಕೊಂಡು ಮೇಜಿನ ತಲೆಗೆ ಕೂರುತ್ತಿದ್ದರು. ಲಾವಣ್ಯ ಅವರ ಕಿವಿಯಲ್ಲಿ ಪ್ರಶ್ನೆ ಊದುತ್ತಿದ್ದಳು. ಉಳಿದವರು ಸುತ್ತ ನೆರೆಯುತ್ತಿದ್ದರು. ಕಾವ್ಯಾ ಬಾಗಿಲ ಆಚೆ ಹೋಗಿ, ಬಾಗಿಲು ತಟ್ಟಿ ಒಳಬರಬೇಕು.

"ಕುಂತ್ಕೊಳವ್ವ. ನಿಮ್ಮಪ್ಪಂದು ಯಾವೂರು?"

"ಆಂಟಿ, ಅದನ್ನೆಲ್ಲ ಕೇಳಲ್ಲ ಇಂಟರ್‌ವ್ಯೂಲಿ!" ಎಂದು ಲಾವಣ್ಯ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ನಾನ್ ಕೇಳ್ತೀನಿ. ನನ್ ಕಂಪ್ನಿ."

ಮೊದಮೊದಲು ನಗುವೇ ಆಯಿತು. ನಿಧಾನವಾಗಿ ಕಾವ್ಯಾಳ ದನಿ ಏರಿತು. ಅನುಸೂಯಮ್ಮನ ಹುಬ್ಬು ಗಂಟಾದರೆ ಅವಳು ಮಾತು ಬದಲಿಸುತ್ತಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿದರೆ ಕಥೆ ಉದ್ದವಾಯಿತು ಎಂದು ತಿಳಿದುಕೊಳ್ಳುತ್ತಿದ್ದಳು. ಹಗಲೆಲ್ಲ ಲ್ಯಾಪ್‌ಟಾಪ್ ಇಟ್ಟುಕೊಂಡು, ಯಾರು ಬೇಕಾದರೂ ಸೇರಿ ಕಟ್ಟುವ ತೆರೆದ ಯೋಜನೆಗಳಲ್ಲಿ ಸಣ್ಣಪುಟ್ಟ ತಪ್ಪುಗಳನ್ನು ಹುಡುಕಿ ಸರಿಪಡಿಸತೊಡಗಿದಳು. ಒಬ್ಬರು ಯಾರೋ ಪೋರ್ಚುಗಲ್ಲಿನಿಂದ ಅವಳಿಗೆ ಧನ್ಯವಾದ ಬರೆದಾಗ ಊಟದ ಮನೆಯಲ್ಲಿ ಪಾಯಸವಾಯಿತು. ಅನುಸೂಯಮ್ಮನ ಎಲ್ಲ ಸಲಹೆಯೂ ಫಲಿಸಿತು ಎಂದೇನಲ್ಲ. ಅವರ ಮಾತಿನಂತೆ ಒಂದು ವಿಡಿಯೋ ಇಂಟರ್‌ವ್ಯೂಗೆ ಕಾವ್ಯಾ ರೇಷ್ಮೆ ಸೀರೆ ಉಟ್ಟು ಕುಳಿತಳು. ಎದುರಿನ ಹುಡುಗ ಬನಿಯನ್ನಿನಂಥ ಟೀ ಶರ್ಟಿನಲ್ಲಿದ್ದ. ಗಾಬರಿಯಾಗಿ, "ಇವತ್ತು ನಿಮ್ಮನೇಲಿ ಫಂಕ್ಷನ್ ಇದ್ರೆ ಇನ್ನೊಂದಿನ ಇಟ್ಕೊಳ್ಳೋಣ ಮೇಡಂ" ಎಂದ.

ಒಂದು ಮಧ್ಯಾಹ್ನ ಕಾವ್ಯಾ ಕುಣಿಯುತ್ತ ಕೆಳಗಿಳಿದು ಬಂದಳು. ವಿದೇಶಿ ಕಂಪನಿಯೊಂದು ಅವಳ ಅರ್ಜಿಯನ್ನು ಮೆಚ್ಚಿದೆಯಂತೆ, ಸಂಬಳ ಹಿಂದಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಮನೆಯಿಂದಲೇ ಕೆಲಸ. ಅವರು ಕಳಿಸಿದ ಪರೀಕ್ಷೆಯ ಫೈಲನ್ನು ಇಳಿಸಿಕೊಂಡು ತನ್ನ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿದರೆ ಸಾಕು. ಅನುಸೂಯಮ್ಮ ಹುರುಳಿಕಾಯಿ ಮುರಿಯುತ್ತ ಕುಳಿತಿದ್ದರು.

"ಒಳ್ಳೇದಾಯ್ತವ್ವ. ಯಾರು ಮಾತಾಡಿದ್ದು? ಎಂಗವ್ನೆ ನೋಡಕ್ಕೆ?"

"ಮುಖ ಕಾಣಲಿಲ್ರಿ. ಕ್ಯಾಮೆರಾ ಕೆಟ್ಟೈತಂತ."

"ಏನೇನ್ ಕೇಳ್ದ?"

"ಏನೂ ಜಾಸ್ತಿ ಕೇಳ್ಲಿಲ್ರಿ. ಬೇಗ ಆ ಫೈಲ್ ಓಡ್ಸು, ಇವತ್ತ ಸಂಜಿ ಒಳಗ ಅಂದ್ರು. ನನ್ನ ನಾಣ್ಯ ಇಟ್ಟಿರೋ ವ್ಯಾಲೆಟ್ ಇರೋ ಕಂಪ್ಯೂಟರ್‌ನಾಗೇ..." ಕಾವ್ಯಾಳ ಮಾತು ಅಲ್ಲೇ ನಿಂತಿತು. ತಾನು ಹೇಳಿದ್ದು ತನ್ನ ಕಿವಿಗೇ ಬಿದ್ದಿತ್ತು. "ಅಯ್ಯೋ ಆಂಟಿ! ಇದು ಮೋಸಾರೀ. ಆ ಫೈಲಿನಾಗ ವ್ಯಾಲೆಟ್ಟಿನ ಕೀಲಿ ಕದಿಯೋ ಪ್ರೋಗ್ರಾಂ ಇಟ್ಟಿರ್ತಾರ. ಕೆಲಸ ಹುಡುಕೋರಿಗೇ ಹಿಂಗ ಬಲೆ ಬೀಸ್ತಾರ. ನಾನ ಎಷ್ಟು ಜನಕ್ಕ ಹೇಳೀನಿ ಇದನ್ನ!"

"ನಾನೇನೂ ಯೋಳ್ನಿಲ್ವಲ್ಲ?" ಎಂದರು ಅನುಸೂಯಮ್ಮ, ಕಾಯಿ ಮುರಿಯುವುದನ್ನು ನಿಲ್ಲಿಸಿ.

"ನೀವು ಬರೇ ಕೇಳಿದ್ರಿ. ಅಷ್ಟು ಸಾಕಾತು." ಕಾವ್ಯಾ ಅವರು ಕಳಿಸಿದ್ದನ್ನೆಲ್ಲ ಕೂಡಲೇ ಅಳಿಸಿದಳು. ಸಂಜೆ ಎಲ್ಲ ಹುಡುಗಿಯರಿಗೂ ಹೇಳಿದಳು. ಕೆಲಸ ತಪ್ಪಿದ್ದಕ್ಕಿಂತ ಹಳ್ಳಕ್ಕೆ ಬೀಳದೆ ಉಳಿದದ್ದು ಅವಳಿಗೆ ದೊಡ್ಡದಾಗಿ ಕಂಡಿತು.

ಅದರ ಬೆನ್ನಿಗೇ ವೈಟ್‌ಫೀಲ್ಡಿನ ದೊಡ್ಡ ಸಭಾಂಗಣದಲ್ಲಿ ಬ್ಲಾಕ್‌ಚೈನ್ ಕಂಪನಿಗಳ ಸಮಾವೇಶ ಬಂತು. ಲಾವಣ್ಯ ಪಾಸು ತಂದುಕೊಟ್ಟಳು. ಆದರೆ ಅವಳಿಗೆ ಅಂದು ರಜೆ ಇರಲಿಲ್ಲ, ಕಾವ್ಯಾಳಿಗೆ ಒಬ್ಬಳೇ ಹೋಗಲು ಧೈರ್ಯವಿರಲಿಲ್ಲ. "ಅದ್ಕೇನು, ನಾ ಬತ್ತೀನಿ" ಎಂದು ಅನುಸೂಯಮ್ಮ ಇಳಕಲ್ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಆಟೋ ಹತ್ತಿಯೇಬಿಟ್ಟರು. ಬಾಗಿಲಲ್ಲಿ ಅವರ ಕೊರಳಿಗೂ ಒಂದು ಪಟ್ಟಿ ಬಿತ್ತು. ಅದರ ಮೇಲೆ 'ವಿಸಿಟರ್' ಎಂದಿತ್ತು.

ಒಳಗೆ ಬಣ್ಣದ ದೀಪ, ತಂಪು ಗಾಳಿ, ಸಾಲು ಸಾಲು ಮಳಿಗೆ. ಕಾವ್ಯಾಳಂಥ ಎಷ್ಟೋ ಹುಡುಗ ಹುಡುಗಿಯರು ಗೋಡೆಗೊರಗಿ ಮೊಬೈಲು ನೋಡುತ್ತ ನಿಂತಿದ್ದರು. ಮಳಿಗೆಯವರ ಹತ್ತಿರ ಹೋಗುವುದು, ಕೊಟ್ಟ ಕಾಗದ ತೆಗೆದುಕೊಂಡು ಹಿಂದೆ ಸರಿಯುವುದು, ಇಷ್ಟೇ. ಕಾವ್ಯಾ ಕೂಡ ಹಾಗೇ ಮಾಡುತ್ತಿದ್ದಳು. ತಿರುಗಿ ನೋಡಿದರೆ ಅನುಸೂಯಮ್ಮ ಪಕ್ಕದಲ್ಲಿಲ್ಲ.

ಅವರು ಮೊದಲನೇ ಮಳಿಗೆಯ ಮುಂದೆ ನಿಂತು, "ಏನಪ್ಪಾ, ನಿಮ್ಗೆ ಎಂಥಾ ಜನ ಬೇಕು ಕೆಲ್ಸಕ್ಕೆ?" ಎಂದು ಕೇಳುತ್ತಿದ್ದರು.

ಕಾವ್ಯಾಳಿಗೆ ನೆಲ ಬಾಯಿಬಿಟ್ಟರೆ ಸಾಕು ಅನಿಸಿತು. ಆದರೆ ಮಳಿಗೆಯ ಹುಡುಗ ಬೇಸರಿಸಲಿಲ್ಲ. ಬೆಳಗಿನಿಂದ ಯಾರೂ ಅವನನ್ನು ಅಷ್ಟು ನೇರವಾಗಿ ಕೇಳಿರಲಿಲ್ಲವೇನೋ, ಕುರ್ಚಿ ಎಳೆದು ಕೊಟ್ಟ. ಅಲ್ಲಿಂದ ಇನ್ನೊಂದು ಮಳಿಗೆ, ಅಲ್ಲಿಂದ ಮತ್ತೊಂದು. ಒಂದು ಸುತ್ತು ಹೊಡೆದು, ಕೈಯಲ್ಲಿ ಸಮೋಸ ಹಿಡಿದು ಅವರು ಕಾವ್ಯಾಳ ಹತ್ತಿರ ಬಂದು ವರದಿ ಒಪ್ಪಿಸಿದರು.

"ನೋಡು, ಆ ಕೆಂಪ್ ಬೋರ್ಡ್‌ನೋರ್ಗೆ ಕಾನೂನು ಓದಿರೋರು ಬೇಕಂತೆ. ರೂಲ್ಸು ಜಾಸ್ತಿ ಆಗವಂತೆ, ಕೋಡ್ ಬರಿಯೋರು ಸಾಕಾಗವ್ರೆ, ರೂಲ್ಸ್ ತಿಳ್ದೋರಿಲ್ಲ. ಈ ಕಡೇರ್ಗೆ ಕಳ್ಳರ ತರ ಯೋಚ್ನೆ ಮಾಡೋರು ಬೇಕಂತೆ."

"ಕಳ್ಳರಾ?"

"ಬೀಗ ಎಲ್ ಮುರೀಬೋದು ಅಂತ ಮೊದ್ಲೇ ನೋಡೋಕೆ."

"ಓ, ಸೆಕ್ಯುರಿಟಿ ಆಡಿಟ್!"

"ಅದೇ. ಆ ಮೂಲೇಲಿ ಗಡ್ಡದೋರು ಅವ್ರಲ್ಲ, ಮುರಳಿ ಅಂತೆ, ಒಳ್ಳೇ ಜನ. ಅವ್ರು ನಾಣ್ಯಗೀಣ್ಯ ಮುಟ್ಟಲ್ವಂತೆ. ಪೀಣ್ಯದಾಗೆ ಮಿಶಿನ್ ಸಾಮಾನು ಮಾಡ್ತಾರಲ್ಲ, ಬೇರಿಂಗು ಗೀರಿಂಗು, ಅದ್ರಲ್ಲಿ ಡೂಪ್ಲಿಕೇಟ್ ಬಂದ್ಬಿಟ್ಟದಂತೆ. ಯಾವ್ದು ಎಲ್ಲಿ ಮಾಡಿದ್ದು, ಯಾರ್ ಕೈ ದಾಟ್ ಬಂತು ಅಂತ ಮೊಬೈಲ್‌ನಾಗೆ ತೋರ್ಸ್ತಾರಂತೆ. ಟೆಸ್ಟಿಂಗೂ ಬರ್ಬೇಕು, ವರ್ಕ್‌ಶಾಪ್‌ನೋರ ತಾವ ಕನ್ನಡದಾಗೆ ಮಾತೂ ಆಡ್ಬೇಕು. ಅಂಥೋರು ಸಿಕ್ತಿಲ್ಲ ಅಂದ್ರು. ನಮ್ಮುಡ್ಗಿ ಅವ್ಳೆ ಅಂದೆ. ಓಗು."

"ನಾನಾ? ಈಗಾ?"

"ಇನ್ಯಾವಾಗ? ಸಮೋಸ ತಿಂದ್ ಓಗ್ತೀಯಾ?"

ಕಾವ್ಯಾ ಹೋದಳು. ಅನುಸೂಯಮ್ಮ ದೂರದ ಕುರ್ಚಿಯಲ್ಲಿ ಕುಳಿತು ನೋಡಿದರು. ಮೊದಲು ಹುಡುಗಿಯ ಕೈಗಳು ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದವು. ಸ್ವಲ್ಪ ಹೊತ್ತಿಗೆ ಒಂದು ಕೈ ಸಡಿಲಾಯಿತು, ಆಮೇಲೆ ಎರಡೂ ಕೈ ಗಾಳಿಯಲ್ಲಿ ಏನೋ ಬಿಡಿಸತೊಡಗಿದವು. ಲ್ಯಾಪ್‌ಟಾಪ್ ತೆರೆದು ತಾನು ಮಾಡಿದ್ದನ್ನು ತೋರಿಸಿದಳು. ಗಡ್ಡದ ಮುರಳಿ ಮುಂದಕ್ಕೆ ಬಗ್ಗಿ ನೋಡಿದರು. ಅನುಸೂಯಮ್ಮನಿಗೆ ಒಂದು ಮಾತೂ ಕೇಳಿಸಲಿಲ್ಲ. ಆದರೂ ಎದೆ ಡವಡವ ಎನ್ನುತ್ತಿತ್ತು. ಹಿಂದೆ ಯಾವಾಗಲೋ ತಮ್ಮ ಸೊಪ್ಪಿನ ಬುಟ್ಟಿ ಮೊದಲ ಸಲ ಪೂರ್ತಿ ಖಾಲಿಯಾದ ಬೆಳಗ್ಗೆ ಹೀಗೇ ಆಗಿತ್ತು.

ಮುರಳಿಯವರ ಕಂಪನಿಯ ಇಂಟರ್‌ವ್ಯೂನ ಕೊನೆಯ ಸುತ್ತು ಆಫೀಸಿನಲ್ಲಿ ನಡೆಯಲಿಲ್ಲ. ಪೀಣ್ಯದ ಒಂದು ವರ್ಕ್‌ಶಾಪಿಗೆ ಬನ್ನಿ ಎಂದು ಮುರಳಿ ಕರೆದಿದ್ದರು. ಅಂದು ಸಂಜೆ ಕಾವ್ಯಾ ವಾಪಸು ಬಂದಾಗ ಅವಳ ಅಂಗಿಯ ತೋಳಿನ ಮೇಲೆ ಗ್ರೀಸಿನ ಕಲೆಯಿತ್ತು. ಊಟದ ಮನೆ ಆಗಲೇ ತುಂಬಿತ್ತು. ನಲ್ಲಪ್ಪನವರೂ ತಮ್ಮ ಕನ್ನಡಕ ಕೇಳುವ ನೆಪದಲ್ಲಿ ಬಂದು ಕುಳಿತಿದ್ದರು.

"ಏನಾಯ್ತೇ?" ಎಂದಳು ಲಾವಣ್ಯ.

"ತಡೀರಿ, ಮೊದ್ಲಿಂದ ಹೇಳ್ತೀನಿ." ಕಾವ್ಯಾ ಒಂದು ಸ್ಟೀಲ್ ತಟ್ಟೆಯನ್ನು ಲೇತ್ ಯಂತ್ರದಂತೆ ಮುಂದಿಟ್ಟುಕೊಂಡು, ವರ್ಕ್‌ಶಾಪಿನ ಮಾಲೀಕ ಕರಿಬಸಪ್ಪನವರಾಗಿ ಗಂಟಲು ದಪ್ಪ ಮಾಡಿದಳು. "'ಇನ್ನೊಂದ್ ಆಪಾ? ಇರೋ ಆಪ್‌ಗಳೇ ಸಾಕಾಗೋಗಿವೆ ಕಣಮ್ಮ, ಹೋಗಮ್ಮ!' ಅಂದ್ರು ಅವ್ರು. ಮುರಳಿ ಸರ್ ಸುಮ್ಮನ ನಿಂತಾರ, ಸಹಾಯ ಮಾಡವಲ್ರು. ಅದೇ ಪರೀಕ್ಷೆ."

"ನೀ ಏನ್ ಮಾಡ್ದೆ?" ಅನುಸೂಯಮ್ಮ ಮುಂದಕ್ಕೆ ಬಗ್ಗಿದರು.

"ಆಪ್ ಮುಚ್ಚಿಟ್ಟೆ ಆಂಟಿ. 'ನಿಮ್ಮ ಹೆಸ್ರಿನಾಗ ಯಾರಾದ್ರೂ ಡೂಪ್ಲಿಕೇಟ್ ಮಾರ್ಯಾರೇನ್ರಿ?' ಅಂತ ಕೇಳಿದೆ. ಅಷ್ಟೇ ನೋಡ್ರಿ! ಕುಂತ್ಕೊಂಡ್ರು, ಚಾ ತರಿಸಿದ್ರು, ಮಾಕಳಿ ಹತ್ರ ಯಾರೋ ಅವ್ರ ಹೆಸ್ರು ಒತ್ತಿ ಕಳಪೆ ಮಾಲು ಮಾರಿದ್ದು, ಗಿರಾಕಿ ಬಂದು ಬೈದದ್ದು, ಎಲ್ಲಾ ಹೇಳಿದ್ರು. ಆಮೇಲೆ ಮೊಬೈಲು ಅವ್ರ ಕೈಗೇ ಕೊಟ್ಟೆ. ಎಣ್ಣಿ ಹತ್ತಿದ ಹೆಬ್ಬೆರಳು, ಗುಂಡಿ ಒತ್ತಿದ್ರ ಒತ್ತವಲ್ದು. ನಮ್ಮಪ್ಪಂದೂ ಅಂಥದೇ ಬೆರಳು. 'ಸರ್, ನಿಮ್ಮ ಆಪಿನ ಗುಂಡಿ ಸಣ್ಣದಾತು, ಇಲ್ಲಿ ಯಾರೂ ಬಳಸಂಗಿಲ್ಲ' ಅಂತ ಮುರಳಿ ಸರ್ ಮುಂದ ಅಂದ್ಬಿಟ್ಟೆ."

"ಅಯ್ಯೋ!" ಎಂದರು ಯಾರೋ.

"ನಾನೂ ಅಯ್ಯೋ ಅಂದ್ಕೊಂಡೆ. ಮುರಳಿ ಸರ್ ನಕ್ಕು, 'ಸೋಮವಾರ ಬಂದು ದೊಡ್ಡದು ಮಾಡ್ಸು' ಅಂದ್ರು."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಮೊದಲು ಅರ್ಥವಾದದ್ದು ಲಾವಣ್ಯಳಿಗೆ. ಅವಳ ಕಿರುಚಾಟಕ್ಕೆ ತಗಡಿನ ಸೂರು ಅದುರಿತು. ಹುಡುಗಿಯರು ತಟ್ಟೆ ಬಡಿದರು, ಕಾವ್ಯಾಳನ್ನು ಎತ್ತಿ ತಿರುಗಿಸಿದರು. ಅನುಸೂಯಮ್ಮ ಅವಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು, "ಊರ್ಗೆ ಫೋನ್ ಮಾಡು. ಎಲ್ಲಾ ಯೋಳು, ಕೆಲ್ಸ ಓಗಿದ್ದೂ ಯೋಳು, ಸಿಕ್ಕಿದ್ದೂ ಯೋಳು" ಎಂದರು. ಕಾವ್ಯಾ ಅಲ್ಲೇ ಎಲ್ಲರೆದುರು ಫೋನು ಮಾಡಿದಳು. ಆ ಕಡೆ ತಾಯಿ ಸಿದ್ದಮ್ಮ ಬೈದದ್ದೂ, ಅತ್ತದ್ದೂ, ಆಮೇಲೆ ನಕ್ಕದ್ದೂ ಮೇಜಿನ ಸುತ್ತ ಎಲ್ಲರಿಗೂ ಕೇಳಿಸಿತು.

ಈಗ ಕಾವ್ಯಾ ಬೆಳಿಗ್ಗೆ ಮೆಟ್ರೋ ಹಿಡಿದು ಪೀಣ್ಯಕ್ಕೆ ಹೋಗುತ್ತಾಳೆ. ದೂರವಾದರೂ ಪಿಜಿ ಬಿಟ್ಟಿಲ್ಲ. ಊಟದ ಮನೆಯ ಇಂಟರ್‌ವ್ಯೂ ಕೂಡ ನಿಂತಿಲ್ಲ. ಬೇರೆ ಬೇರೆ ಕೆಲಸ ಹುಡುಕುವ ಹುಡುಗಿಯರು, ಪಕ್ಕದ ಬೀದಿಯ ಪಿಜಿಯವರೂ, ಅನುಸೂಯಮ್ಮನ ಮುಂದೆ ಕೂರಲು ಬರುತ್ತಾರೆ. ಲಾವಣ್ಯ ತನ್ನ ಏಜೆನ್ಸಿಯಿಂದ ಯಾರನ್ನಾದರೂ ಇಂಟರ್‌ವ್ಯೂಗೆ ಕಳಿಸುವ ಮೊದಲು "ಒಂದ್ಸಲ ಆಂಟಿ ಹತ್ರ ಮಾತಾಡು" ಎನ್ನುತ್ತಾಳೆ. ನಲ್ಲಪ್ಪನವರು ಕೆ.ಆರ್. ಪುರದ ಸಂತೆಯಿಂದ ತರಕಾರಿ ತರುವಾಗ ಬೇರೆ ಕನ್ನಡಕ ಕೊಂಡುಕೊಂಡಿದ್ದಾರೆ.

ಹೋದ ತಿಂಗಳು ಕೊಟ್ರಪ್ಪ ಮತ್ತು ಸಿದ್ದಮ್ಮ ಮಗಳನ್ನು ನೋಡಲು ಬಂದರು. ಒಂದು ಮೂಟೆ ಮಂಡಕ್ಕಿ, ಮಿರ್ಚಿಗೆ ಊರಿನ ಮೆಣಸಿನಕಾಯಿ, ಕಟ್ಟು ಕಟ್ಟಿದ ರೊಟ್ಟಿ. ಸಿದ್ದಮ್ಮ ಅಡುಗೆಮನೆಗೆ ಹೊಕ್ಕು ಒಗ್ಗರಣೆ ಹಾಕಿದ್ದಕ್ಕೆ ಮೂರನೇ ಮಹಡಿಯವರೂ ಸೀನುತ್ತ ಇಳಿದು ಬಂದರು. ಮಿರ್ಚಿ ಕಚ್ಚಿದ ಅನುಸೂಯಮ್ಮನ ಕಣ್ಣಲ್ಲಿ ನೀರು ಧಾರಾಕಾರ.

ಕೊಟ್ರಪ್ಪನವರು ಸಂಕೋಚದಿಂದ ಹತ್ತಿರ ಬಂದು ಕುಳಿತರು. "ಅಲ್ಲವ್ವ, ನಮ್ಮ ಹುಡುಗಿ ಕೆಲ್ಸ ಏನು ಅಂತ ನನಗ ತಿಳೀವಲ್ದು. ಕೇಳಿದ್ರ ಏನೋ ಚೈನು ಅಂತಾಳ."

ಅನುಸೂಯಮ್ಮ ನೀರು ಕುಡಿದು, ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡರು. ಒಂದು ಮೋಟಾರಿನೊಳಗೆ ಕೂರುವ ಬೇರಿಂಗು ಪೀಣ್ಯದಲ್ಲಿ ಹುಟ್ಟಿ, ಲಾರಿ ಹತ್ತಿ, ಕೊಟ್ಟೂರಿನ ಅಂಗಡಿ ಮುಟ್ಟುವ ತನಕ ಎಷ್ಟು ಕೈ ದಾಟುತ್ತದೆ, ಒಬ್ಬೊಬ್ಬರೂ ಅದನ್ನು ಹೇಗೆ ದಾಖಲು ಮಾಡುತ್ತಾರೆ, ಬರೆದದ್ದನ್ನು ಯಾರೂ ಸದ್ದಿಲ್ಲದೆ ಯಾಕೆ ತಿದ್ದಲಾಗದು, ಎಣ್ಣೆ ಕೈಯವರಿಗೆ ಗುಂಡಿ ಯಾಕೆ ದೊಡ್ಡದಿರಬೇಕು, ಎಲ್ಲವನ್ನೂ ಬಿಡಿಸಿ ಹೇಳಿದರು. ನಡುವೆ ಒಂದೆರಡು ಕಡೆ ಪೂರಾ ತಪ್ಪು ಹೇಳಿದರು. ಬಾಗಿಲಲ್ಲಿ ನಿಂತ ಕಾವ್ಯಾ ಬಾಯಿ ತೆರೆದವಳು, ಅಪ್ಪನ ಮುಖ ನೋಡಿ ಸುಮ್ಮನಾದಳು.

ಕೊಟ್ರಪ್ಪನವರು ಮಿರ್ಚಿ ತಿನ್ನುವುದನ್ನೂ ಮರೆತು ಕೇಳಿದರು. ಕೊನೆಗೆ ತಲೆದೂಗಿ, ಗೌರವದಿಂದ ದನಿ ತಗ್ಗಿಸಿ ಕೇಳಿದರು:

"ನೀವು ಯಾವ ಕಂಪ್ನಿಯಾಗ ಅದೀರಿ ಅಮ್ಮಾರೆ?"

ಊಟದ ಮನೆ ನಗುವಿನಲ್ಲಿ ಮುಳುಗಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅನುಸೂಯಮ್ಮನೇ.